ಕ್ರೈಸ್ತ ಜೀವನದಲ್ಲಿ ಪ್ರಾರ್ಥನೆಯ ಬಲ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾರ್ಥನಾ ಕೂಟದಲ್ಲಿ ಎಲ್ಲರ ಮುಂದೆ ಕೈ ಎತ್ತಿ ಕೇಳುವ ಪ್ರಶ್ನೆಗಳು ಕಡಿಮೆ. ಕೂಟ ಮುಗಿದು ಕುರ್ಚಿಗಳನ್ನು ಎತ್ತಿಡುವಾಗ ಪಕ್ಕಕ್ಕೆ ಬಂದು, ದನಿ ತಗ್ಗಿಸಿ ಕೇಳುವವೇ ಜಾಸ್ತಿ. ಇಲ್ಲಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಅಂಥವು. ಹೊಸದಾಗಿ ನಂಬಿಕೆಗೆ ಬಂದವರೂ ಕೇಳುತ್ತಾರೆ, ವರ್ಷಗಟ್ಟಲೆ ಸಭೆಯಲ್ಲಿರುವವರೂ ಕೇಳುತ್ತಾರೆ. ವಚನಗಳ ಸಂಖ್ಯೆ ಕೊಟ್ಟಿದ್ದೇನೆ. ಸತ್ಯವೇದ ತೆರೆದು ನೀವೇ ಓದಿ ನೋಡಿ, ನಾನು ಹೇಳಿದೆ ಅಂತ ಸುಮ್ನೆ ಒಪ್ಪಿಕೊಳ್ಳಬೇಡಿ.

ಪ್ರಾರ್ಥನೆಗೆ ಬಲ ಇದೆ ಅನ್ನುತ್ತಾರೆ. ಆ ಬಲ ಇರುವುದಾದರೂ ಎಲ್ಲಿ?

ಕೇಳಿಸಿಕೊಳ್ಳುವ ದೇವರಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಅರ್ಧ ಪ್ರಶ್ನೆಗಳ ಗಂಟು ಇಲ್ಲೇ ಬಿಚ್ಚಿಕೊಳ್ಳುತ್ತದೆ. ಬಲ ನಮ್ಮ ಮಾತಿನಲ್ಲಿದ್ದಿದ್ದರೆ ಚೆನ್ನಾಗಿ ಮಾತಾಡಬಲ್ಲವರಿಗೆ ಮಾತ್ರ ಉತ್ತರ ಸಿಗುತ್ತಿತ್ತು. ದನಿಯಲ್ಲಿದ್ದಿದ್ದರೆ ಜೋರಾಗಿ ಕೂಗುವವರಿಗೆ.

1 ಅರಸುಗಳು 18ರಲ್ಲಿ, ಬಲಿಗೆ ಬೆಂಕಿ ಕಳಿಸುವವನೇ ನಿಜ ದೇವರು ಎಂಬ ಪಂಥದಲ್ಲಿ, ಬಾಳ ಎಂಬ ದೇವತೆಯ 450 ಪ್ರವಾದಿಗಳು ಬೆಳಿಗ್ಗೆಯಿಂದ ಕೂಗಿದರು, ಕುಣಿದರು, ಕತ್ತಿಯಿಂದ ಮೈ ಕೊಯ್ದುಕೊಂಡರು. ಏನೂ ಆಗಲಿಲ್ಲ. ಎಲೀಯನ ಪ್ರಾರ್ಥನೆ ಇರುವುದು ಎರಡೇ ವಚನ (36, 37). ಬೆಂಕಿ ಇಳಿಯಿತು. 'ಅವನೇನೋ ದೊಡ್ಡ ಪ್ರವಾದಿ, ನಾನು ಯಾವ ಲೆಕ್ಕ' ಅಂತ ಅನಿಸಿದರೆ ಯಾಕೋಬ 5:17 ಓದಿ. ಅವನೂ ನಮ್ಮಂಥ ಸ್ವಭಾವದವನೇ ಎಂದು ಅಲ್ಲಿ ಬರೆದಿದೆ. ಮುಂದಿನ ಅಧ್ಯಾಯದಲ್ಲಿ ಅದೇ ಎಲೀಯ ಹೆದರಿ ಓಡಿಹೋಗಿ, ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, 'ಸಾಕಪ್ಪಾ, ನನ್ನ ಪ್ರಾಣ ತೆಗೆದುಬಿಡು' ಎಂದು ಬೇಡುತ್ತಾನೆ. ದೇವರು ಈ ಬೇಡಿಕೆಗೆ ಹೂಂ ಅನ್ನಲಿಲ್ಲ, ಬೈಯಲೂ ಇಲ್ಲ. ದೂತನ ಕೈಯಲ್ಲಿ ರೊಟ್ಟಿ, ನೀರು ಕಳಿಸಿ, ತಿಂದು ಮತ್ತೆ ಮಲಗಲು ಬಿಟ್ಟರು. ಈ ಎರಡು ಪ್ರಾರ್ಥನೆಗಳನ್ನೂ ಕೇಳಿಸಿಕೊಂಡವರು ಒಬ್ಬರೇ.

ದೇವರಿಗೆ ಎಲ್ಲಾ ಗೊತ್ತಲ್ವಾ? ಮತ್ತೆ ಕೇಳುವುದು ಯಾಕೆ?

ನೀವು ಕೇಳುವ ಮೊದಲೇ ನಿಮ್ಮ ತಂದೆಗೆ ನಿಮ್ಮ ಅಗತ್ಯ ಗೊತ್ತಿದೆ ಎಂದು ಯೇಸುವೇ ಹೇಳಿದರು (ಮತ್ತಾಯ 6:8). ಆದರೆ ಅದರ ಮರುವಚನದಲ್ಲೇ 'ಆದ್ದರಿಂದ ನೀವು ಹೀಗೆ ಪ್ರಾರ್ಥಿಸಿರಿ' ಅನ್ನುತ್ತಾರೆ. ದೇವರಿಗೆ ಗೊತ್ತಿರುವುದೇ ನಾವು ಧೈರ್ಯವಾಗಿ ಬಾಯಿಬಿಡಲು ಕಾರಣ. ಅವರಿಗೆ ವಿವರಿಸಿ ಒಪ್ಪಿಸಬೇಕಾದ ಕಷ್ಟ ನಮಗಿಲ್ಲ.

ಬಾರ್ತಿಮಾಯನನ್ನು ನೋಡಿ (ಮಾರ್ಕ 10). ಕುರುಡ, ದಾರಿ ಬದಿಯಲ್ಲಿ ಕೂತು ಭಿಕ್ಷೆ ಬೇಡುತ್ತಿದ್ದವನು. ಅವನಿಗೆ ಏನು ಬೇಕು ಅಂತ ಅಲ್ಲಿದ್ದ ಗುಂಪಿಗೆಲ್ಲ ಗೊತ್ತಿತ್ತು. ಆದರೂ ಯೇಸು ನಿಂತು, 'ನಾನು ನಿನಗೆ ಏನು ಮಾಡಬೇಕು?' ಎಂದು ಕೇಳಿದರು. ಅವನ ಬಾಯಿಂದಲೇ ಅದನ್ನು ಕೇಳಬೇಕಿತ್ತು. ಅಷ್ಟು ಹೊತ್ತು ಎಲ್ಲರೂ 'ಸುಮ್ಮನಿರು' ಎಂದು ಗದರಿಸಿದ್ದ ಮನುಷ್ಯನನ್ನು ಒಬ್ಬರು ಎದುರು ನಿಲ್ಲಿಸಿಕೊಂಡು ಮಾತಾಡಿಸಿದರು. ಪ್ರಾರ್ಥನೆಯಲ್ಲಿ ನಮಗೂ ಸಿಗುವುದು ಅದೇ ಮರ್ಯಾದೆ. ಕೆಲವನ್ನು ಕೇಳದೇ ಇರುವುದರಿಂದಲೇ ನಮಗೆ ಸಿಕ್ಕಿಲ್ಲ ಎಂದೂ ಯಾಕೋಬ 4:2 ಹೇಳುತ್ತದೆ. ನಾವು ಕೇಳುವುದರ ಮೂಲಕವೇ ಕೆಲವು ಕೆಲಸ ಮಾಡಲು ದೇವರು ಮನಸ್ಸು ಮಾಡಿದ್ದಾರೆ.

ನನಗೆ ಪ್ರಾರ್ಥನೆ ಮಾಡಲು ಮಾತೇ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಶಿಷ್ಯರಿಗೂ ಬರುತ್ತಿರಲಿಲ್ಲ. 'ನಮಗೂ ಪ್ರಾರ್ಥನೆ ಮಾಡುವುದನ್ನು ಕಲಿಸು' ಎಂದು ಕೇಳಿಕೊಂಡರು (ಲೂಕ 11:1). ಆಗ ಸಿಕ್ಕಿದ್ದೇ ಕರ್ತನ ಪ್ರಾರ್ಥನೆ. ಅಲ್ಲಿಂದಲೇ ಶುರು ಮಾಡಿ. ಆದರೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬೇಡಿ. ಒಂದು ದಿನಕ್ಕೆ ಒಂದು ಸಾಲು ಸಾಕು. 'ನಮ್ಮ ಅನುದಿನದ ಆಹಾರವನ್ನು' ಅನ್ನುವಲ್ಲಿ ನಿಂತು, ಈ ವಾರದ ಖರ್ಚು, ಸಾಲ, ಕೆಲಸದ ಚಿಂತೆ ಎಲ್ಲವನ್ನೂ ಹೆಸರು ಹಿಡಿದು ಹೇಳಿ. 'ಕ್ಷಮಿಸು' ಅನ್ನುವಲ್ಲಿ ನಿಂತು, ನಿನ್ನೆ ಯಾರ ಮೇಲೆ ರೇಗಿದಿರಿ ಎಂದು ನೆನಪು ಮಾಡಿಕೊಳ್ಳಿ. ಸಭೆಯ ಆರಂಭದ ಕಾಲದ ವಿಶ್ವಾಸಿಗಳಿಗೆ ಇದನ್ನು ದಿನಕ್ಕೆ 3 ಸಲ ಹೇಳಲು ಕಲಿಸುತ್ತಿದ್ದರು.

ಇದಾದ ಮೇಲೆ ಸ್ವಂತ ಮಾತು. ಗ್ರಂಥದ ಭಾಷೆ ಬೇಕಿಲ್ಲ. 'ಅಪ್ಪಾ, ಇವತ್ತು ಮನಸ್ಸು ತುಂಬಾ ಭಾರವಾಗಿದೆ. ಏನು ಕೇಳಬೇಕೋ ತಿಳಿಯುತ್ತಿಲ್ಲ. ನನ್ನ ಜೊತೆ ಇರು.' ಇದು ಪೂರ್ತಿ ಪ್ರಾರ್ಥನೆಯೇ. ಅಷ್ಟೂ ಬಾರದ ದಿನಗಳಲ್ಲಿ ಪವಿತ್ರಾತ್ಮರೇ ಮಾತಿಲ್ಲದ ನರಳಾಟದಿಂದ ನಮಗೋಸ್ಕರ ಬೇಡಿಕೊಳ್ಳುತ್ತಾರೆ ಎಂದು ರೋಮಾಪುರದವರಿಗೆ ಬರೆದ ಪತ್ರ (8:26) ಹೇಳುತ್ತದೆ.

ಮೊಣಕಾಲೂರಲೇಬೇಕಾ?

ಬೇಕೆಂದೇನಿಲ್ಲ. ಸೊಲೊಮೋನ ಮೊಣಕಾಲೂರಿದ್ದ, ದಾವೀದ ಕೂತಿದ್ದ, ಸುಂಕದವನು ದೂರ ನಿಂತಿದ್ದ. ಕಾಯಿಲೆ ಬಿದ್ದಿದ್ದ ಅರಸ ಹಿಜ್ಕೀಯ ಗೋಡೆ ಕಡೆ ಮುಖ ತಿರುಗಿಸಿ ಅತ್ತುಕೊಂಡು ಬೇಡಿದ. ಯೇಸು ಒಮ್ಮೆ ಆಕಾಶದ ಕಡೆ ಕಣ್ಣೆತ್ತಿದರು, ಇನ್ನೊಮ್ಮೆ ಬೋರಲು ಬಿದ್ದರು. ಮೊಣಕಾಲು ನೋವಿರುವ ಹಿರಿಯರು ನಾಚಿಕೊಳ್ಳದೆ ಕುರ್ಚಿಯಲ್ಲಿ ಕೂತುಕೊಳ್ಳಿ.

ದಿನಕ್ಕೆ ಎಷ್ಟು ಹೊತ್ತು ಪ್ರಾರ್ಥಿಸಬೇಕು?

ಗಡಿಯಾರದ ಲೆಕ್ಕ ಸತ್ಯವೇದದಲ್ಲಿಲ್ಲ. ಯೇಸು ಇಡೀ ರಾತ್ರಿ ಪ್ರಾರ್ಥಿಸಿದ್ದೂ ಇದೆ (ಲೂಕ 6:12). ಅರಸನು ಪ್ರಶ್ನೆ ಕೇಳಿದ್ದಕ್ಕೂ ತಾನು ಉತ್ತರ ಕೊಡುವುದಕ್ಕೂ ನಡುವಿನ ಕ್ಷಣದಲ್ಲಿ ನೆಹೆಮೀಯ ದೇವರನ್ನು ಬೇಡಿಕೊಂಡದ್ದೂ ಇದೆ (ನೆಹೆಮೀಯ 2:4). ಆ ಚಿಕ್ಕ ಪ್ರಾರ್ಥನೆಯ ಹಿಂದೆ ದಿನಗಟ್ಟಲೆ ಉಪವಾಸ, ಅಳು ಇತ್ತು ಎನ್ನುವುದನ್ನೂ ಮೊದಲ ಅಧ್ಯಾಯದಲ್ಲಿ ನೋಡಬಹುದು.

ಹೊಸಬರಿಗೆ ನಾನು ಹೇಳುವುದಿಷ್ಟು. ಸಮಯ ಚಿಕ್ಕದಿರಲಿ, ಆದರೆ ದಿನಾ ಅದೇ ಹೊತ್ತಾಗಿರಲಿ. ದಾನಿಯೇಲನಿಗೆ ದಿನಕ್ಕೆ 3 ಹೊತ್ತು ಅನ್ನುವ ಅಭ್ಯಾಸ ಮೊದಲಿಂದಲೂ ಇತ್ತು (ದಾನಿಯೇಲ 6:10). ಪ್ರಾರ್ಥಿಸಿದವರನ್ನು ಸಿಂಹದ ಗವಿಗೆ ಹಾಕುತ್ತೇವೆ ಎಂಬ ಆಜ್ಞೆ ಬಂದ ದಿನವೂ ಅವನು ಹೊಸದೇನೂ ಮಾಡಲಿಲ್ಲ, ಎಂದಿನಂತೆ ಕಿಟಕಿ ಹತ್ತಿರ ಹೋದ. ಕಷ್ಟ ಬಂದಾಗ ಕಾಲು ತಾನಾಗಿಯೇ ಅತ್ತ ನಡೆಯಬೇಕಾದರೆ ಸುಖದ ದಿನಗಳಲ್ಲೇ ರೂಢಿಯಾಗಿರಬೇಕು. ಮತ್ತೆ, ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಸೈಲೆಂಟ್‌ನಲ್ಲಿಟ್ಟರೆ ಸಾಲದು.

ಕಣ್ಣು ಮುಚ್ಚಿದ ಕೂಡಲೇ ಮನಸ್ಸು ಎಲ್ಲೆಲ್ಲೋ ಓಡುತ್ತದೆ. ಏನು ಮಾಡಲಿ?

ಅದು ಎಲ್ಲಿಗೆ ಓಡುತ್ತದೋ ಅದಕ್ಕೇ ಪ್ರಾರ್ಥಿಸಿ. ಮಗಳ ಪರೀಕ್ಷೆ ನೆನಪಾಯಿತಾ, ಮಗಳಿಗಾಗಿ ಪ್ರಾರ್ಥಿಸಿ. ಆಫೀಸಿನವರ ಮೇಲಿನ ಕೋಪ ಬಂತಾ, ಅದನ್ನೇ ಹೇಳಿ. ಮೆಲ್ಲಗೆ ಬಾಯಿಬಿಟ್ಟು ಮಾತಾಡುವುದು, ಇಲ್ಲವೇ ನೋಟ್‌ಬುಕ್‌ನಲ್ಲಿ ಬರೆಯುವುದು ತುಂಬಾ ಜನರಿಗೆ ಸಹಾಯವಾಗಿದೆ. ಅರ್ಧ ಗಂಟೆಯಲ್ಲಿ ಹತ್ತು ಸಲ ಮನಸ್ಸು ಓಡಿ ಹತ್ತು ಸಲ ನೀವು ದೇವರ ಕಡೆ ತಿರುಗಿದರೆ, ಹತ್ತು ಸಲ ತಿರುಗಿದ್ದೂ ಪ್ರಾರ್ಥನೆಯೇ ಅಲ್ವಾ?

ಎಷ್ಟು ಪ್ರಾರ್ಥಿಸಿದರೂ ಕೇಳಿದ್ದು ಆಗಲಿಲ್ಲ. ನನ್ನ ನಂಬಿಕೆ ಸಾಲದೇ ಹೋಯಿತಾ?

ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ. ಈ ಪ್ರಶ್ನೆಯ ಹಿಂದೆ ಅತ್ತು ಅತ್ತು ಸೋತ ಕಣ್ಣುಗಳಿರುತ್ತವೆ.

ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ಎರಡನೇ ವಚನದಲ್ಲಿ ಹೆರೋದನು ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಒಂದೇ ಸಾಲು, ಯಾಕೋಬನ ಕಥೆ ಮುಗಿಯಿತು. ಆಮೇಲೆ ಪೇತ್ರನನ್ನು ಹಿಡಿಸಿ ಸೆರೆಮನೆಗೆ ಹಾಕಿಸುತ್ತಾನೆ. ಕಾವಲಿಗೆ ನಾಲ್ಕು ನಾಲ್ಕು ಜನರ 4 ಗುಂಪು. ಪೇತ್ರ ಇಬ್ಬರು ಸಿಪಾಯಿಗಳ ನಡುವೆ ಸರಪಣಿಯಲ್ಲಿ ನಿದ್ದೆ ಮಾಡುತ್ತಿದ್ದಾನೆ. ರಾತ್ರಿ ದೂತ ಬಂದು ಬಿಡಿಸಿಕೊಂಡು ಹೋಗುತ್ತಾನೆ. ಒಬ್ಬ ಸತ್ತ, ಇನ್ನೊಬ್ಬ ಉಳಿದ. ಇಬ್ಬರೂ ಯೇಸುವಿಗೆ ತೀರಾ ಹತ್ತಿರದ ಶಿಷ್ಯರು. ಯಾಕೋಬನಿಗೆ ನಂಬಿಕೆ ಕಡಿಮೆಯಿತ್ತು ಅಂತಾಗಲೀ, ಅವನಿಗೋಸ್ಕರ ಸಭೆ ಸರಿಯಾಗಿ ಪ್ರಾರ್ಥಿಸಲಿಲ್ಲ ಅಂತಾಗಲೀ ಲೂಕ ಒಂದು ಮಾತೂ ಬರೆದಿಲ್ಲ.

ಇನ್ನು ಪೇತ್ರನಿಗಾಗಿ ಪ್ರಾರ್ಥಿಸುತ್ತಿದ್ದವರ ನಂಬಿಕೆ ಹೇಗಿತ್ತು? ಪೇತ್ರ ಮರಿಯಳ ಮನೆಗೆ ಬಂದು ಬಾಗಿಲು ತಟ್ಟುತ್ತಾನೆ. ರೋದೆ ಎಂಬ ಹುಡುಗಿ ದನಿ ಗುರುತು ಹಿಡಿದು, ಸಂತೋಷದಲ್ಲಿ ಬಾಗಿಲು ತೆಗೆಯುವುದನ್ನೇ ಮರೆತು ಒಳಗೆ ಓಡಿ, 'ಪೇತ್ರ ಬಂದಿದ್ದಾನೆ' ಅನ್ನುತ್ತಾಳೆ. ಒಳಗಿದ್ದವರು ಯಾವುದಕ್ಕಾಗಿ ಪ್ರಾರ್ಥಿಸುತ್ತಿದ್ದರೋ ಅದೇ ಬಂದು ಹೊರಗೆ ನಿಂತಿದೆ. ಅವರು 'ನಿನಗೆ ಹುಚ್ಚು' ಅನ್ನುತ್ತಾರೆ. ಪೇತ್ರ ತಟ್ಟುತ್ತಲೇ ಇದ್ದಾನೆ. ಇಷ್ಟು ಅರೆಬರೆ ನಂಬಿಕೆಯ ಪ್ರಾರ್ಥನೆಗೂ ದೇವರು ಉತ್ತರ ಕೊಟ್ಟರು. ಹಾಗಿರುವಾಗ ಉತ್ತರ ಬರುವುದು, ಬಾರದಿರುವುದು ನಂಬಿಕೆಯ ತೂಕದ ಮೇಲೆ ಅಂತ ಹೇಳಲು ಹೇಗೆ ಸಾಧ್ಯ?

ಪೌಲನು ತನ್ನ 'ಶರೀರದ ಮುಳ್ಳನ್ನು', ಅಂದರೆ ಬಿಡದೆ ಕಾಡುತ್ತಿದ್ದ ಒಂದು ಬಾಧೆಯನ್ನು, ತೆಗೆಯಬೇಕೆಂದು 3 ಸಲ ಬೇಡಿಕೊಂಡ. 'ನನ್ನ ಕೃಪೆಯೇ ನಿನಗೆ ಸಾಕು' ಎಂಬ ಉತ್ತರ ಬಂತು, ಮುಳ್ಳು ಹೋಗಲಿಲ್ಲ (2 ಕೊರಿಂಥ 12). ಯೇಸುವೇ ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆಯಲ್ಲಿ, ಈ ಪಾತ್ರೆ, ಅಂದರೆ ಬರಲಿದ್ದ ಯಾತನೆ, ತಪ್ಪಿಹೋಗಲಿ ಎಂದು 3 ಸಲ ಪ್ರಾರ್ಥಿಸಿದರು. ಪಾತ್ರೆ ತಪ್ಪಲಿಲ್ಲ. ಯೇಸುವಿನ ನಂಬಿಕೆ ಸಾಲಲಿಲ್ಲ ಅನ್ನುವ ಧೈರ್ಯ ಯಾರಿಗಿದೆ?

ಮಗುವನ್ನು ಕಳೆದುಕೊಂಡ ತಾಯಿಯೊಬ್ಬರ ಹತ್ತಿರ, ಮಣ್ಣು ಮಾಡಿ ಬಂದ ಅದೇ ಸಂಜೆ, 'ನೀವು ಇನ್ನೂ ನಂಬಿಕೆಯಿಂದ ಪ್ರಾರ್ಥಿಸಬೇಕಿತ್ತು' ಎಂದು ಹೇಳಿದವರನ್ನು ನಾನು ಕಂಡಿದ್ದೇನೆ. ಆ ತಾಯಿ ಉತ್ತರ ಕೊಡಲಿಲ್ಲ, ಮಡಿಲಲ್ಲಿದ್ದ ಮಗುವಿನ ಟೋಪಿಯನ್ನು ಮಡಚುತ್ತಾ ಬಿಚ್ಚುತ್ತಾ ಕೂತಿದ್ದರು. ಅಂಥ ಮಾತು ಸತ್ಯವೇದದ್ದಲ್ಲ. ಅದು ಗಾಯದ ಮೇಲೆ ಬರೆ. ನಿಮಗೂ ಯಾರಾದರೂ ಹಾಗೆ ಹೇಳಿದ್ದರೆ ಆ ಹೊರೆಯನ್ನು ಇವತ್ತೇ ಇಳಿಸಿಬಿಡಿ. 'ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು' ಎಂದು ಅಳುತ್ತಾ ಕೂಗಿದ ತಂದೆಯನ್ನು ಯೇಸು ತಿರುಗಿಸಿ ಕಳಿಸಲಿಲ್ಲ (ಮಾರ್ಕ 9:24). ಅವನ ಮಗನನ್ನು ಗುಣಪಡಿಸಿದರು.

ಹಾಗಾದರೆ ನನಗ್ಯಾಕೆ ಸಿಗಲಿಲ್ಲ ಅಂತ ಕೇಳುತ್ತೀರಿ. ಆ 'ಯಾಕೆ'ಗೆ ಉತ್ತರ ಯಾಕೋಬನ ಮನೆಯವರಿಗೂ ಸಿಕ್ಕಿದಂತೆ ಕಾಣುವುದಿಲ್ಲ. ಆದರೆ ಗೆತ್ಸೇಮನೆಯಲ್ಲಿ 'ಇಲ್ಲ' ಎಂಬ ಉತ್ತರವನ್ನು ತಾವೇ ಉಂಡ ಯೇಸುವಿನ ಹತ್ತಿರವೇ ನೀವು ಪ್ರಾರ್ಥಿಸುತ್ತಿರುವುದು. ನನಗೆ ಇದು ವಿವರಣೆಗಿಂತ ದೊಡ್ಡದು.

'ನನ್ನ ಹೆಸರಿನಲ್ಲಿ ಏನು ಬೇಡಿಕೊಂಡರೂ ಮಾಡುತ್ತೇನೆ' ಅಂತ ಯೇಸು ಹೇಳಿದ್ದಾರಲ್ಲ?

ಹೇಳಿದ್ದಾರೆ (ಯೋಹಾನ 14:13, 14). ಒಬ್ಬ ಹಿರಿಯರ ಹೆಸರು ಹೇಳಿಕೊಂಡು ಯಾರ ಹತ್ತಿರವೋ ಕೆಲಸ ಕೇಳುವಾಗ ಆ ಹಿರಿಯರ ಮನಸ್ಸಿಗೆ ಒಪ್ಪದ್ದನ್ನು ಕೇಳಲು ಆಗುತ್ತದಾ? ಅವರ ಹೆಸರು ಕೆಡುತ್ತದೆ. ಯೇಸುವಿನ ನಾಮದಲ್ಲಿ ಕೇಳುವುದೂ ಹಾಗೇ. ಅವರ ಚಿತ್ತಕ್ಕನುಸಾರ ಕೇಳಿದರೆ ಕೇಳುತ್ತಾರೆ ಎಂದು 1 ಯೋಹಾನ 5:14 ಬಿಡಿಸಿ ಹೇಳುತ್ತದೆ. ಪ್ರಾರ್ಥನೆಯ ಕೊನೆಗೆ 'ಯೇಸುವಿನ ನಾಮದಲ್ಲಿ' ಅಂತ ಸೇರಿಸಿದ ಮಾತ್ರಕ್ಕೆ ಕೇಳಿದ್ದೆಲ್ಲ ಆಗಲೇಬೇಕು ಅಂತಿಲ್ಲ.

ದೇವರ ಮೇಲೆ ಸಿಟ್ಟು ಬಂದಿದೆ. ಇಂಥ ಮನಸ್ಸಿನಲ್ಲಿ ಪ್ರಾರ್ಥಿಸಬಹುದಾ?

ಪ್ರಾರ್ಥಿಸಿ, ಆ ಸಿಟ್ಟನ್ನೇ ಪ್ರಾರ್ಥಿಸಿ. 150 ಕೀರ್ತನೆಗಳಲ್ಲಿ ಗೋಳಿನ ಪ್ರಾರ್ಥನೆಗಳ ಪಾಲು ದೊಡ್ಡದು. 13ನೇ ಕೀರ್ತನೆ ಮೊದಲ ಎರಡು ವಚನಗಳಲ್ಲೇ 4 ಸಲ 'ಎಷ್ಟರವರೆಗೆ?' ಎಂದು ಕೇಳುತ್ತದೆ. 88ನೇದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗಿಲ್ಲ. ಅದನ್ನೂ ದೇವಜನರ ಪ್ರಾರ್ಥನೆಯೊಳಗೆ ಸೇರಿಸಿಟ್ಟಿದ್ದಾರೆ.

ಹನ್ನಳದು ನನಗೆ ತುಂಬಾ ಪ್ರಿಯವಾದ ಪ್ರಾರ್ಥನೆ (1 ಸಮುವೇಲ 1). ಮಕ್ಕಳಿಲ್ಲ, ಸವತಿಯ ಚುಚ್ಚುಮಾತು, ಊಟ ಸೇರುತ್ತಿಲ್ಲ. ದೇವಾಲಯದಲ್ಲಿ ಅಳುತ್ತಾ ಪ್ರಾರ್ಥಿಸುತ್ತಾಳೆ. ತುಟಿ ಮಾತ್ರ ಅಲ್ಲಾಡುತ್ತಿದೆ, ದನಿ ಹೊರಡುತ್ತಿಲ್ಲ. ಯಾಜಕ ಏಲಿ ನೋಡಿ ಕುಡಿದಿದ್ದಾಳೆ ಅಂದುಕೊಂಡ! 'ಇಲ್ಲ ಸ್ವಾಮಿ, ನನ್ನ ಮನಸ್ಸನ್ನು ಯೆಹೋವನ ಮುಂದೆ ಸುರಿಯುತ್ತಿದ್ದೇನೆ' ಎಂದಳು. ಎದ್ದು ಹೋಗಿ ಊಟ ಮಾಡಿದಳು, ಮುಖದಲ್ಲಿ ಮೊದಲಿನ ದುಃಖ ಇರಲಿಲ್ಲ. ಗಮನಿಸಿ, ಆಗಿನ್ನೂ ಗರ್ಭ ನಿಂತಿರಲಿಲ್ಲ. ಸಮುವೇಲ ಹುಟ್ಟಿದ್ದು ಆಮೇಲೆ.

ಡಾಕ್ಟರ ಹತ್ತಿರ ಹೋಗುವುದು ನಂಬಿಕೆಯ ಕೊರತೆಯಾ?

ಖಂಡಿತ ಅಲ್ಲ. ಹಿಜ್ಕೀಯನಿಗೆ ವಾಸಿಮಾಡುತ್ತೇನೆ ಎಂದು ದೇವರು ಮಾತು ಕೊಟ್ಟ ಮೇಲೂ ಯೆಶಾಯನು ಅವನ ಹುಣ್ಣಿಗೆ ಅಂಜೂರದ ಪಟ್ಟು ಹಾಕಿಸಿದ (2 ಅರಸುಗಳು 20:7). ಪೌಲನ ಜೊತೆಗಿದ್ದ ಲೂಕ ವೈದ್ಯ. ಪ್ರಾರ್ಥನೆ ಮಾಡಿದ್ದೇವೆ ಅಂತ ಶುಗರ್, ಬಿಪಿ, ಮನಸ್ಸಿನ ಕಾಯಿಲೆಯ ಮಾತ್ರೆಗಳನ್ನು ನಿಲ್ಲಿಸಬೇಡಿ. ನಿಲ್ಲಿಸು ಎಂದು ಯಾವ ಸೇವಕರು ಹೇಳಿದರೂ ಕೇಳಬೇಡಿ. ಗುಣವಾಗಿದ್ದರೆ ಅದು ಪರೀಕ್ಷೆಯಲ್ಲೂ ಗೊತ್ತಾಗುತ್ತದೆ, ಆಗ ಮಾತ್ರೆಯನ್ನು ಡಾಕ್ಟರೇ ಕಡಿಮೆ ಮಾಡುತ್ತಾರೆ.

ಪ್ರಾರ್ಥನೆ ಫಲ ಕೊಡುತ್ತದೆ ಅಂತ ವಿಜ್ಞಾನ ತೋರಿಸಿಕೊಟ್ಟಿದೆಯಾ?

ಹಾಗೆ ಹೇಳಿಕೊಳ್ಳುವ ಸಂದೇಶಗಳನ್ನು ಫಾರ್ವರ್ಡ್ ಮಾಡಬೇಡಿ. ಈ ಬಗೆಯ ಹೆಸರಾಂತ ಅಧ್ಯಯನ 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. 6 ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಆಪರೇಷನ್ ಆದ 1,802 ಜನರನ್ನು ಮೂರು ಗುಂಪು ಮಾಡಿದ್ದರು. ಪ್ರಾರ್ಥನೆ ಸಿಗಬಹುದು, ಸಿಗದಿರಬಹುದು ಎಂದಷ್ಟೇ ತಿಳಿದಿದ್ದವರಲ್ಲಿ, ಸಿಕ್ಕವರಿಗೂ ಸಿಗದವರಿಗೂ ತೊಡಕುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ: ಶೇ. 52 ಮತ್ತು ಶೇ. 51. ತಮಗೋಸ್ಕರ ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ಗೊತ್ತಿದ್ದವರಲ್ಲಿ ತೊಡಕು ಶೇ. 59, ಅಂದರೆ ಜಾಸ್ತಿಯೇ.

ನನ್ನ ನಂಬಿಕೆಗೆ ಇದರಿಂದ ಪೆಟ್ಟು ಬಿದ್ದಿಲ್ಲ. ಔಷಧಿಗೆ ಇಷ್ಟು ಡೋಸ್‌ಗೆ ಇಷ್ಟು ಪರಿಣಾಮ ಎಂಬ ಲೆಕ್ಕವಿದೆ. ಪ್ರಾರ್ಥನೆ ಒಬ್ಬರನ್ನು ಕೇಳಿಕೊಳ್ಳುವುದು. ಹೂಂ ಅನ್ನುವುದು, ಬೇಡ ಅನ್ನುವುದು ಅವರಿಗೆ ಬಿಟ್ಟದ್ದು. ಆದರೆ ಅಧ್ಯಯನದಲ್ಲಿ ಬಂದದ್ದನ್ನು ಬಂದ ಹಾಗೇ ಹೇಳಬೇಕು. ಸತ್ಯವನ್ನು ಪ್ರೀತಿಸುವ ದೇವರಿಗೆ ನಮ್ಮ ಸುಳ್ಳಿನ ಆಸರೆ ಬೇಕಿಲ್ಲ.

ಬೇರೆಯವರಿಗಾಗಿ ಪ್ರಾರ್ಥಿಸಿದರೆ ಅವರು ಬದಲಾಗುತ್ತಾರಾ?

ಮುಂದೆ ಸಭೆಯ ಹೆಸರಾಂತ ಬೋಧಕನಾದ ಅಗಸ್ಟೀನನ ತಾಯಿ ಮೋನಿಕಾ, ಮಗ ನಂಬಿಕೆಗೆ ಬರಲಿ ಎಂದು ವರ್ಷಗಟ್ಟಲೆ ಅತ್ತು ಪ್ರಾರ್ಥಿಸಿದಳು. ಮಗ ಉತ್ತರ ಆಫ್ರಿಕಾ ಬಿಟ್ಟು ರೋಮಿಗೆ ಹೊರಟಾಗ ಹೋಗಬೇಡ ಎಂದು ಹಟ ಹಿಡಿದಳು. ಅವನು ಸುಳ್ಳು ಹೇಳಿ, ತಾಯಿ ಪ್ರಾರ್ಥಿಸುತ್ತಿದ್ದ ರಾತ್ರಿಯೇ ಹಡಗು ಹತ್ತಿ ಹೊರಟುಹೋದ. ಬೆಳಗಾದಾಗ ಆಕೆಯ ಗೋಳು ಹೇಗಿದ್ದಿರಬೇಕು! ಮಗ ಹೋಗದಿರಲಿ ಎಂಬ ಪ್ರಾರ್ಥನೆ ಬಿದ್ದುಹೋಯಿತು. ಆದರೆ ರೋಮಿನಿಂದ ಅವನು ಮಿಲಾನಿಗೆ ಹೋದ. ಅಲ್ಲಿ ಬಿಷಪ್ ಆಂಬ್ರೋಸರ ಪ್ರಸಂಗ ಕೇಳಿದ. 387ರ ಈಸ್ಟರ್ ಹೊತ್ತಿಗೆ ಅವರಿಂದಲೇ ದೀಕ್ಷಾಸ್ನಾನ ಪಡೆದ. ಅಷ್ಟರಲ್ಲಿ ಮೋನಿಕಾ ಸಮುದ್ರ ದಾಟಿ ಅಲ್ಲಿಗೇ ಬಂದಿದ್ದಳು. ಅದೇ ವರ್ಷ ತೀರಿಕೊಂಡಳು, ಕಾಣಬೇಕೆಂದಿದ್ದನ್ನು ಕಂಡು.

ಎಲ್ಲ ತಾಯಂದಿರಿಗೂ ಹೀಗೇ ಆಗುತ್ತದೆ ಎಂದು ಮಾತು ಕೊಡಲಾರೆ. ಎದುರಿನವರಿಗೂ ಮನಸ್ಸಿದೆ, ದೇವರು ಅದನ್ನು ತುಳಿಯುವುದಿಲ್ಲ. ಆದರೂ ಹೆಸರು ಹಿಡಿದು ಪ್ರಾರ್ಥಿಸುತ್ತಲೇ ಇರಿ. ಲೂಕ 18ರ ವಿಧವೆ ಅನ್ಯಾಯಗಾರ ನ್ಯಾಯಾಧಿಪತಿಯ ಬಾಗಿಲನ್ನೇ ಬಿಡಲಿಲ್ಲ. ನಾವು ಹೋಗುವುದು ಪ್ರೀತಿಸುವ ತಂದೆಯ ಬಾಗಿಲಿಗೆ. ಮತ್ತೆ, ಯಾರಿಗಾದರೂ 'ನಿಮಗಾಗಿ ಪ್ರಾರ್ಥಿಸುತ್ತೇನೆ' ಎಂದಿರಾ? ಹಾಗಾದರೆ ಅಲ್ಲೇ, ಆಗಲೇ, ಎರಡು ಮಾತು ಪ್ರಾರ್ಥಿಸಿಬಿಡಿ. ಮನೆಗೆ ಹೋದ ಮೇಲೆ ಮರೆತುಹೋಗುತ್ತದೆ.

ಉಪವಾಸ ಮಾಡಿದರೆ ಪ್ರಾರ್ಥನೆಗೆ ಬಲ ಹೆಚ್ಚುತ್ತದಾ?

ಉಪವಾಸದಿಂದ ದೇವರ ಕೈ ತಿರುಚಲು ಆಗುವುದಿಲ್ಲ. ನಮ್ಮ ಮನಸ್ಸು ಒಂದು ಕಡೆ ನಿಲ್ಲುತ್ತದೆ, ಅದೇ ಲಾಭ. ಹಸಿದವರಿಗೆ ನಿನ್ನ ಊಟ ಹಂಚದಿದ್ದರೆ ಅದೆಂಥ ಉಪವಾಸ ಎಂದು ಯೆಶಾಯ 58 ಕೇಳುತ್ತದೆ. ಗರ್ಭಿಣಿಯರು, ಶುಗರ್ ಇರುವವರು ಊಟ ಬಿಡಬೇಡಿ. ಟಿವಿ ಬಿಡಿ, ಮೊಬೈಲ್ ಬಿಡಿ.

ಒಬ್ಬರನ್ನು ಕ್ಷಮಿಸಲು ಆಗುತ್ತಿಲ್ಲ. ನನ್ನ ಪ್ರಾರ್ಥನೆಗೆ ಅದು ಅಡ್ಡಿಯಾಗುತ್ತದಾ?

ಯೇಸು ಇದನ್ನು ಹಗುರವಾಗಿ ಬಿಡಲಿಲ್ಲ (ಮಾರ್ಕ 11:25). 'ಕ್ಷಮಿಸಲು ಆಗುತ್ತಿಲ್ಲ, ಆದರೆ ಕ್ಷಮಿಸುವ ಮನಸ್ಸು ಕೊಡು' ಎಂದು ಬೇಡಿಕೊಳ್ಳುವುದರಿಂದ ಶುರು ಮಾಡಿ. ಕ್ಷಮಿಸುವುದು ಅಂದರೆ ಹೊಡೆಯುವವರ ಮನೆಗೆ ಹಿಂದಿರುಗುವುದಲ್ಲ, ಅಪರಾಧವನ್ನು ಮುಚ್ಚಿಡುವುದೂ ಅಲ್ಲ. ದೂರು ಕೊಡಬೇಕಾದಲ್ಲಿ ಕೊಡಿ.

ಪ್ರಾರ್ಥನೆ ಮಾಡಿಕೊಡಲು ಹಣ ಕೇಳುತ್ತಿದ್ದಾರೆ.

ಕೊಡಬೇಡಿ. ದೇವರ ವರವನ್ನು ಹಣಕ್ಕೆ ಕೊಳ್ಳಬಹುದು ಅಂದುಕೊಂಡ ಸಿಮೋನನಿಗೆ ಪೇತ್ರ ಏನು ಹೇಳಿದ ಎಂದು ಅಪೊಸ್ತಲರ ಕೃತ್ಯಗಳು 8:20ರಲ್ಲಿದೆ. ಕೃಪಾಸಿಂಹಾಸನಕ್ಕೆ ಧೈರ್ಯದಿಂದ ಬರಲು ನಿಮಗೇ ಕರೆಯಿದೆ (ಇಬ್ರಿಯ 4:16).

ಪ್ರಾರ್ಥಿಸಿ ದೇವರಿಗೆ ಒಪ್ಪಿಸಿದ್ದೇನೆ. ಇನ್ನು ನಾನು ಸುಮ್ಮನಿರಬಹುದಾ?

ನೆಹೆಮೀಯನ ಜನ ಯೆರೂಸಲೇಮಿನ ಗೋಡೆ ಕಟ್ಟುವಾಗ ಶತ್ರುಗಳ ಬೆದರಿಕೆ ಬಂತು. 'ನಮ್ಮ ದೇವರಿಗೆ ಪ್ರಾರ್ಥಿಸಿ, ಹಗಲಿರುಳು ಕಾವಲಿಟ್ಟೆವು' ಎಂದು ಬರೆಯುತ್ತಾನೆ (ನೆಹೆಮೀಯ 4:9). ಎರಡೂ ಒಂದೇ ವಾಕ್ಯದಲ್ಲಿವೆ. ಕೆಲಸ ಸಿಗಲಿ ಎಂದು ಪ್ರಾರ್ಥಿಸಿದವರು ಅರ್ಜಿಯನ್ನೂ ಹಾಕಬೇಕು. ಮುನಿಸಿಕೊಂಡ ತಮ್ಮನಿಗಾಗಿ ಪ್ರಾರ್ಥಿಸುತ್ತಿರುವವರು ಇವತ್ತೇ ಅವನಿಗೆ ಫೋನ್ ಮಾಡಬಹುದು.